ಕುಷ್ಠದ ಮಾತ್ರೆ ನುಂಗುತ್ತಿರುವಾಗಲೇ ಕೆಂಪು ಗಂಟು, ಕಪ್ಪು ಹುಣ್ಣು: ರೋಗ ಮತ್ತೆ ಬಂತಾ?

ಪ್ರಶ್ನೆ: ನನ್ನ ಗಂಡನಿಗೆ 38 ವರ್ಷ. ರೈಸ್ ಮಿಲ್ಲಿನಲ್ಲಿ ಕೆಲಸ. ಐದು ತಿಂಗಳ ಹಿಂದೆ ಕುಷ್ಠರೋಗ ಅಂತ ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಪ್ಯಾಕೆಟ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಮುಖದ ದಪ್ಪ ಇಳಿದು ಚೆನ್ನಾಗಿಯೇ ಇದ್ದರು. ಎರಡು ತಿಂಗಳಿಂದ ತೋಳು, ತೊಡೆ, ಕೆನ್ನೆಯ ಮೇಲೆ ಕೆಂಪು ಗಂಟು ಏಳುತ್ತಿವೆ. ಮುಟ್ಟಿದರೆ ನೋವು. ಸಂಜೆಯಾದರೆ ಜ್ವರ, ಕೀಲು ನೋವು. ಊರಲ್ಲಿ ಒಬ್ಬರು ಚಿಕ್ಕ ಬಿಳಿ ಮಾತ್ರೆ ಕೊಟ್ಟರು. ಮೂರೇ ದಿನಕ್ಕೆ ಇಳಿಯಿತು. ಬಿಟ್ಟ ವಾರದಲ್ಲಿ ಎರಡರಷ್ಟು ಎದ್ದವು. ಈಗ ಕಾಲಿನ ಎರಡು ಗಂಟು ಕಪ್ಪಾಗಿ ಒಡೆದಿವೆ. ಮಾವ 'ಪ್ಯಾಕೆಟ್ ಮಾತ್ರೆ ಉಷ್ಣ, ಮೊದಲು ನಿಲ್ಲಿಸು' ಅನ್ನುತ್ತಾರೆ. ಪಕ್ಕದ ಮನೆಯವರು ಸರ್ಪದೋಷ ಅಂತಾರೆ. ನಮ್ಮಮ್ಮ 'ಮಗೂನ ಕರ್ಕೊಂಡು ಬಂದುಬಿಡು' ಅಂತ ಫೋನಿನಲ್ಲಿ ಅಳುತ್ತಾರೆ. ಮಗಳಿಗೆ ನಾಲ್ಕು ವರ್ಷ. ಇನ್ನೊಂದು ಮಗು ಬೇಕು ಅಂತಲೂ ಅಂದುಕೊಂಡಿದ್ದೆವು. ಇದಕ್ಕೆ ಥಾಲಿಡೊಮೈಡ್ ಅನ್ನೋ ಮಾತ್ರೆ ಇದೆ, ಆದರೆ ಅಪಾಯ ಅಂತ ಯಾರೋ ಹೇಳಿದರು. ನಾನು ಏನು ಮಾಡಲಿ?
— ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ತುರ್ತಿನ ಮಾತು. ಪ್ಯಾಕೆಟ್ ಮಾತ್ರೆ ನಿಲ್ಲಿಸಬೇಡಿ. ಕಪ್ಪಾದ ಹುಣ್ಣನ್ನು ನಾಳೆಯೇ ಚರ್ಮರೋಗ ತಜ್ಞರಿಗೆ ತೋರಿಸಿ. ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮಗೆ ಹತ್ತಿರವೇ ಇದೆ. ಉಳಿದದ್ದನ್ನು ಬಸ್ಸಿನಲ್ಲಿ ಕೂತು ಓದಿದರೂ ಆಯಿತು.

ನಿಮ್ಮ ಪತ್ರದಲ್ಲಿ ನನಗೆ ಕಂಡ ಚಿಂತೆ ಇದು. ಇಷ್ಟು ನಿಯತ್ತಾಗಿ ಮಾತ್ರೆ ನುಂಗಿದ ಮೇಲೂ ಹೀಗಾಯಿತಲ್ಲ, ಹಾಗಾದರೆ ಮಾತ್ರೆ ಕೆಲಸ ಮಾಡುತ್ತಿಲ್ಲವೋ, ಮಾತ್ರೆಯೇ ಇದನ್ನು ಮಾಡುತ್ತಿದೆಯೋ? ಈ ಪ್ರಶ್ನೆಯನ್ನು ನನ್ನ ಮುಂದಿನ ಕುರ್ಚಿಯಲ್ಲಿ ಕೂತು ಎಷ್ಟೋ ಜನ ಕೇಳಿದ್ದಾರೆ. ಕೆಲವರು ಕೇಳದೆ ಸುಮ್ನೆ ಮಾತ್ರೆ ಬಿಟ್ಟು, ವರ್ಷ ಕಳೆದ ಮೇಲೆ ಬೆರಳು ಮಡಚಿಕೊಂಡು ಬಂದಿದ್ದಾರೆ. ನೀವು ಬಿಡುವ ಮೊದಲು ಕೇಳಿದಿರಿ. ಅದೇ ದೊಡ್ಡ ಸಮಾಧಾನ.

ಪತ್ರ ನೋಡಿ ರೋಗ ಇದೇ ಅಂತ ಮುದ್ರೆ ಒತ್ತಲು ಆಗುವುದಿಲ್ಲ. ಆದರೆ ನೀವು ಬರೆದ ಚಿತ್ರ ಕುಷ್ಠದ 'ರಿಯಾಕ್ಷನ್' ಕಡೆಗೆ ಬೆರಳು ತೋರಿಸುತ್ತದೆ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಹಳೆಯ ಮಚ್ಚೆಗಳೇ ಊದಿ ಕೆಂಪಾಗುತ್ತವೆ, ನರ ನೋಯುತ್ತದೆ. ಎರಡನೆಯದರಲ್ಲಿ ಚೆನ್ನಾಗಿದ್ದ ಚರ್ಮದ ಮೇಲೆ ಹೊಸದಾಗಿ ನೋವಿನ ಕೆಂಪು ಗಂಟುಗಳು ಏಳುತ್ತವೆ. ಜ್ವರ, ಕೀಲು ನೋವು ಜೊತೆಗೆ ಬರುತ್ತವೆ. ಒಂದು ಗುಂಪು ವಾರ ಹತ್ತು ದಿನಕ್ಕೆ ಬಾಡಿ ಕಂದು ಕಲೆಯಾಗುವಷ್ಟರಲ್ಲಿ ಇನ್ನೊಂದು ಗುಂಪು ಹುಟ್ಟುತ್ತದೆ. ಇದನ್ನು ವೈದ್ಯರು ಇಎನ್‌ಎಲ್ ಅನ್ನುತ್ತಾರೆ. ನಿಮ್ಮ ಯಜಮಾನರದ್ದು ಇದೇ ಇರುವ ಸಂಭವ ಜಾಸ್ತಿ.

ಯಾಕೆ ಆಗುತ್ತದೆ? ಕುಷ್ಠದ ಬ್ಯಾಕ್ಟೀರಿಯಾ ತುಂಬ ನಿಧಾನ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಮೈಯಲ್ಲಿ ಸೇರಿ ರೋಗ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಆಗಬಹುದು. ಅಷ್ಟು ದಿನ ಅದು ಸದ್ದಿಲ್ಲದೆ ಬೆಳೆದಿರುತ್ತದೆ. ಕಿವಿಯ ಹಾಲೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ರಕ್ತ ಸರಿದು ಬಿಳಿಚಿಕೊಂಡ ಜಾಗದಲ್ಲಿ ಬ್ಲೇಡಿನಿಂದ ಚೂರೇ ಚೂರು ಗೀರಿ, ಬಂದ ರಸವನ್ನು ಗಾಜಿಗೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ರೋಗ ಜಾಸ್ತಿ ಇರುವವರಲ್ಲಿ ಆ ಬ್ಯಾಕ್ಟೀರಿಯಾಗಳು ಕೆಂಪು ಕಡ್ಡಿಗಳಂತೆ, ಬೀಡಿ ಕಟ್ಟು ಇಟ್ಟ ಹಾಗೆ ಒಟ್ಟೊಟ್ಟಿಗೆ ಕಾಣುತ್ತವೆ. ಮೊದಲ ಸಲ ಇದನ್ನು ನೋಡಿದ ವಿದ್ಯಾರ್ಥಿಗಳು ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಒಂದು ಹನಿ ರಸದಲ್ಲೇ ಅಷ್ಟು ಕಟ್ಟು.

ಪ್ಯಾಕೆಟ್‌ನಲ್ಲಿರುವ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಸೇರಿ ಇವನ್ನು ಕೊಲ್ಲುತ್ತವೆ. ಬೇಗ ಕೊಲ್ಲುತ್ತವೆ. ಆದರೆ ಸತ್ತ ಬ್ಯಾಕ್ಟೀರಿಯಾದ ಚೂರುಗಳನ್ನು ಮೈಯಿಂದ ಆಚೆ ಹಾಕುವ ಕೆಲಸ ದೇಹದ್ದು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಕಿವಿಹಾಲೆಯ ರಸದಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಅನ್ನುವುದನ್ನು ಪ್ಲಸ್ ಲೆಕ್ಕದಲ್ಲಿ ಅಳೆಯುತ್ತೇವೆ; ಐದು ಪ್ಲಸ್ ಇದ್ದವರಿಗೆ ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಪ್ಲಸ್ ಇಳಿಯುತ್ತದೆ, ಅಷ್ಟೇ. ಈ ಚೂರುಗಳನ್ನು ದೇಹ ಶತ್ರು ಅಂತ ಗುರುತಿಸಿ ಎದುರು ಬಿದ್ದಾಗ ಚರ್ಮದ ಒಳಪದರದಲ್ಲಿ, ಅದರ ಕೆಳಗಿನ ಕೊಬ್ಬಿನಲ್ಲಿ ಉರಿಯೂತ ಶುರುವಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆಗೂ ಅದು ಹಬ್ಬುತ್ತದೆ. ನಾಳ ಊದುತ್ತದೆ, ಸೋರುತ್ತದೆ, ಕೆಲವೊಮ್ಮೆ ಒಳಗೇ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ.

ನಿಮ್ಮ ಕಡೆಯವರಿಗೆ ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತರ ಪಾಡು ಹೇಳಬೇಕಿಲ್ಲ. ಮೇಲೆ ಎಲ್ಲೋ ಹೂಳು ಕಟ್ಟಿದರೆ ಕೆಳಗಿನ ಗದ್ದೆಗೆ ನೀರೇ ಬರುವುದಿಲ್ಲ, ನಿಂತ ಪೈರು ಅಲ್ಲೇ ಒಣಗುತ್ತದೆ. ಚರ್ಮದಲ್ಲೂ ಹೀಗೆಯೇ. ನಾಳ ಬರೀ ಊದಿದ್ದರೆ ಕೆಂಪು ಗಂಟು. ನಾಳ ಮುಚ್ಚಿದರೆ ಅದರ ಮುಂದಿನ ಚರ್ಮಕ್ಕೆ ರಕ್ತ ಸಿಗದೆ ನೇರಳೆಯಾಗಿ, ಆಮೇಲೆ ಕಪ್ಪಾಗಿ ಸಾಯುತ್ತದೆ. ನಿಮ್ಮ ಯಜಮಾನರ ಕಾಲಿನಲ್ಲಿ ಆಗಿರುವುದು ಇದೇ ಇರಬೇಕು. ಹಾಗಾಗಿ ಅದನ್ನು ಮಾಮೂಲಿ ಹುಣ್ಣು ಅಂದುಕೊಂಡು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಈಗ ಮಾವನವರ ಮಾತಿಗೆ ಬರೋಣ. ಮಾತ್ರೆ ಶುರುವಾದ ಮೇಲೆ ಗಂಟು ಬಂತು, ಆದ್ದರಿಂದ ಮಾತ್ರೆಯೇ ಕಾರಣ. ಮೇಲುನೋಟಕ್ಕೆ ಯಾರಿಗಾದರೂ ಹಾಗೇ ಅನಿಸುತ್ತದೆ, ಅಲ್ವಾ? ಆದರೆ ಈ ರಿಯಾಕ್ಷನ್ ಮಾತ್ರೆ ಶುರು ಮಾಡುವ ಮೊದಲೂ ಬರುತ್ತದೆ, ನಡುವೆಯೂ ಬರುತ್ತದೆ, ಹನ್ನೆರಡು ಪ್ಯಾಕೆಟ್ ಮುಗಿದ ಮೇಲೆಯೂ ಬರುತ್ತದೆ. ಬ್ಯಾಕ್ಟೀರಿಯಾದ ಹೊರೆ ಹೆಚ್ಚಿದ್ದವರಲ್ಲೇ ಜಾಸ್ತಿ. ಮಾತ್ರೆ ನಿಲ್ಲಿಸಿದರೆ ಗಂಟು ನಿಲ್ಲುವುದಿಲ್ಲ, ಉಳಿದ ಬ್ಯಾಕ್ಟೀರಿಯಾಕ್ಕೆ ಮತ್ತೆ ಬೆಳೆಯಲು ದಾರಿಯಾಗುತ್ತದೆ. ರೋಗ ಮರುಕಳಿಸಿದ್ದು ಅಂತಲೂ ಅಲ್ಲ. ಮರುಕಳಿಸುವ ಕುಷ್ಠ ಹೀಗೆ ಜ್ವರ, ನೋವಿನ ಜೊತೆ ದಿಢೀರ್ ಅಂತ ಬರುವುದಿಲ್ಲ, ತಿಂಗಳುಗಟ್ಟಲೆ ನಿಧಾನವಾಗಿ ಕಾಣಿಸುತ್ತದೆ.

ಹಾಗಂತ ಮಾತ್ರೆಯಿಂದ ಯಾವತ್ತೂ ತೊಂದರೆ ಆಗುವುದೇ ಇಲ್ಲ ಅಂದರೆ ನಾನು ಸುಳ್ಳು ಹೇಳಿದಂತೆ. ಡ್ಯಾಪ್ಸೋನ್ ಕೆಲವರಿಗೆ ಒಗ್ಗುವುದಿಲ್ಲ. ಅದು ಸಾಮಾನ್ಯವಾಗಿ ಶುರುವಿನ ಮೊದಲ ಒಂದೂವರೆ ಎರಡು ತಿಂಗಳೊಳಗೇ ಗೊತ್ತಾಗುತ್ತದೆ. ಗಂಟು ಅಲ್ಲ, ಮೈತುಂಬ ತುರಿಸುವ ದದ್ದು. ಜ್ವರ, ಮುಖ ಊದುವುದು, ಕಣ್ಣು ಹಳದಿಯಾಗುವುದು. ಹಾಗಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಓಡಬೇಕು. ಮೂರು ತಿಂಗಳು ಸಲೀಸಾಗಿ ನುಂಗಿದವರಲ್ಲಿ ಆಮೇಲೆ ಎದ್ದ, ತುರಿಕೆ ಇಲ್ಲದ ನೋವಿನ ಗಂಟು ಅಂದರೆ ಆ ಕಡೆ ಯೋಚನೆ ಹೋಗುವುದು ಕಡಿಮೆ. ಆದರೂ ರಕ್ತಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಮೂತ್ರ ಕೆಂಪಾಗುವುದಕ್ಕೆ ರಿಫಾಂಪಿಸಿನ್ ಕಾರಣ. ಮೈ ಕಪ್ಪಾಗುವುದಕ್ಕೆ ಕ್ಲೋಫಾಜಿಮಿನ್ ಕಾರಣ. 'ಉಷ್ಣ' ಅನ್ನುವ ಮಾತು ಹುಟ್ಟುವುದು ಇವೆರಡರಿಂದಲೇ. ಎರಡೂ ಅಪಾಯವಿಲ್ಲದ್ದು.

ನಂಜಿನ ವಿಚಾರ ನೀವು ಬರೆದಿಲ್ಲ. ಆದರೆ ಮನೆಯಲ್ಲಿ ಬದನೆಕಾಯಿ, ಮೊಟ್ಟೆ, ಮೀನು ಈಗಾಗಲೇ ಬಂದ್ ಆಗಿರುತ್ತದೆ ಅನ್ನುವುದು ನನ್ನ ಊಹೆ. ದಯವಿಟ್ಟು ಕೊಡಿ. ಹುಣ್ಣು ಮಾಯಲು ಮೊಟ್ಟೆ, ಬೇಳೆ, ಮೀನು ಬೇಕು. ನಂಜು ಅಂತ ಅನ್ನ ಸಾರಿನಲ್ಲೇ ತಿಂಗಳುಗಟ್ಟಲೆ ಇಟ್ಟು, ಸೊರಗಿಸಿ ಕರೆದುಕೊಂಡು ಬಂದವರನ್ನು ನೋಡಿ ನನಗೆ ತುಂಬ ಬೇಜಾರಾಗಿದೆ.

ಸರ್ಪದೋಷದ ಬಗ್ಗೆ. ಪೂಜೆ ನಿಮ್ಮ ಮನಸ್ಸಿಗೆ ನೆಮ್ಮದಿ ಕೊಟ್ಟರೆ ಮಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ಪೂಜೆಗಾಗಿ ಆಸ್ಪತ್ರೆಯ ದಿನ ಮುಂದೆ ಹಾಕಬೇಡಿ. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯಾವನ್ನು ಕಣ್ಣಾರೆ ಕಂಡ. ಯಾರ ಪಾಪ, ಯಾವ ದೋಷ ಅನ್ನುವ ಲೆಕ್ಕ ಆವತ್ತಿಗೇ ಮುಗಿಯಬೇಕಿತ್ತು. ನಮ್ಮಲ್ಲಿ ಇನ್ನೂ 'ದೊಡ್ಡ ರೋಗ' ಅಂತ ದನಿ ತಗ್ಗಿಸಿ ಹೇಳುತ್ತೇವೆ.

ಕಪ್ಪಾಗುವ ಹುಣ್ಣಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಎಲ್ಲ ಕಪ್ಪು ಹುಣ್ಣೂ ಒಂದೇ ಅಲ್ಲ. 1852ರಲ್ಲಿ ಮೆಕ್ಸಿಕೋದ ವೈದ್ಯರಾದ ರಾಫೆಲ್ ಲುಸಿಯೋ ಮತ್ತು ಇಗ್ನಾಸಿಯೋ ಅಲ್ವರಾಡೋ ಒಂದು ವಿಚಿತ್ರ ಬಗೆಯ ಕುಷ್ಠವನ್ನು ವಿವರಿಸಿದರು. ಅದರಲ್ಲಿ ಗಂಟುಗಳೇ ಇಲ್ಲ. ಚರ್ಮ ನುಣುಪಾಗಿ, ತುಂಬಿಕೊಂಡು ಹೊಳೆಯುತ್ತದೆ, ಹುಬ್ಬು ರೆಪ್ಪೆ ಉದುರುತ್ತವೆ. ನೋಡಿದವರಿಗೆ ರೋಗ ಅನಿಸುವುದೇ ಇಲ್ಲ, ಮುಖದ ಸುಕ್ಕು ಹೋಗಿ ಚೆನ್ನಾಗಿಯೇ ಕಾಣುತ್ತಾರೆ. ಅಲ್ಲಿನವರು ಅದನ್ನು 'ಚೆಂದದ ಕುಷ್ಠ' ಅಂತಲೇ ಕರೆದರು. ಆಮೇಲೆ ಕಾಲು, ಮುಂಗೈಗಳ ಮೇಲೆ ಅಂಕುಡೊಂಕು ಅಂಚಿನ ನೇರಳೆ ಮಚ್ಚೆ ಬಂದು, ಕಪ್ಪಾಗಿ, ಚರ್ಮ ಹರಿದು ಬೀಳುತ್ತದೆ. 1948ರಲ್ಲಿ ಲತಾಪಿ ಮತ್ತು ಸಮೋರಾ ಅನ್ನುವ ವೈದ್ಯರು ಇದಕ್ಕೆ ಲುಸಿಯೋನ ಹೆಸರನ್ನೇ ಇಟ್ಟರು. ಇಲ್ಲಿ ಬ್ಯಾಕ್ಟೀರಿಯಾ ನೇರವಾಗಿ ರಕ್ತನಾಳದ ಒಳಪದರದಲ್ಲೇ ಮನೆ ಮಾಡಿರುತ್ತದೆ. ನಾಳಗಳು ಹೆಪ್ಪುಗಟ್ಟಿ ಮುಚ್ಚುತ್ತವೆ. 2008ರಲ್ಲಿ ಇಂಥ ರೋಗಿಗಳಲ್ಲಿ ಕುಷ್ಠದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾವೂ ಸಿಕ್ಕಿತು.

ಮೆಕ್ಸಿಕೋದ ಕಥೆ ನಿಮಗೆ ಯಾಕೆ ಹೇಳಿದೆ? ಲುಸಿಯೋ ಬಗೆ ನಮ್ಮ ದೇಶದಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಅದು ಬರುವುದು ಹೆಚ್ಚಾಗಿ ವರ್ಷಗಟ್ಟಲೆ ಚಿಕಿತ್ಸೆಯೇ ಸಿಗದವರಿಗೆ. ಶುರುವಿನಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಥಾಲಿಡೊಮೈಡ್ ಅದಕ್ಕೆ ಕೆಲಸ ಮಾಡುವುದಿಲ್ಲ. ಕುಷ್ಠದ ಮಾತ್ರೆ, ಸ್ಟೀರಾಯ್ಡ್, ಸುಟ್ಟಗಾಯಕ್ಕೆ ಮಾಡುವಂಥ ಆರೈಕೆ ಬೇಕು. ನಿಮ್ಮ ಯಜಮಾನರಿಗೆ ಜ್ವರ ಇದೆ, ಗಂಟು ಇದೆ, ಚಿಕಿತ್ಸೆ ನಡೆಯುತ್ತಿದೆ. ಹಾಗಾಗಿ ಇಎನ್‌ಎಲ್‌ನ ತೀವ್ರ ರೂಪವೇ ಇರಬೇಕು ಅನಿಸುತ್ತದೆ. ಆದರೆ ಯಾವುದು ಅಂತ ತೀರ್ಮಾನವಾಗುವುದು ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿದಾಗ. ಅಂಚಿನಿಂದ ಕಡಲೆಕಾಳಿನಷ್ಟು ಚರ್ಮ ಸಾಕು, ಮರಗಟ್ಟಿಸಿ ತೆಗೆಯುತ್ತಾರೆ. ಬೇಡ ಅನ್ನಬೇಡಿ. ಎರಡರಲ್ಲೂ ದೊಡ್ಡ ಅಪಾಯ ಒಂದೇ: ಹುಣ್ಣಿನಿಂದ ಸೋಂಕು ರಕ್ತಕ್ಕೆ ಏರುವುದು.

ಇನ್ನು ಆ ಚಿಕ್ಕ ಬಿಳಿ ಮಾತ್ರೆ. ಅದು ಸ್ಟೀರಾಯ್ಡ್ ಇರಬೇಕು. ಮೂರು ದಿನಕ್ಕೆ ಮಂತ್ರ ಹಾಕಿದ ಹಾಗೆ ಇಳಿಯುವುದು, ಬಿಟ್ಟೊಡನೆ ಉಕ್ಕುವುದು ಅದರದೇ ಗುರುತು. ಔಷಧ ತಪ್ಪಲ್ಲ. ಇಎನ್‌ಎಲ್‌ಗೆ ನಾವೂ ಮೊದಲು ಕೊಡುವುದು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡನ್ನೇ. ಕೊಟ್ಟ ರೀತಿ ತಪ್ಪು. ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಶುರು ಮಾಡಿ, ಗಂಟು ಹಿಡಿತಕ್ಕೆ ಬಂದ ಮೇಲೆ ವಾರವಾರ ಚೂರುಚೂರೇ ಇಳಿಸುತ್ತಾ ಮೂರು ನಾಲ್ಕು ತಿಂಗಳಲ್ಲಿ ನಿಲ್ಲಿಸಬೇಕು. ಕೊಡುವ ಮೊದಲು ಸಕ್ಕರೆ, ಬಿಪಿ ನೋಡಬೇಕು. ಕ್ಷಯ ಇಲ್ಲ ಅಂತ ಎದೆಯ ಎಕ್ಸ್‌ರೇ ಬೇಕು. ಹೊಟ್ಟೆಹುಳುವಿಗೆ ಮಾತ್ರೆ ಕೊಡಬೇಕು, ಯಾಕೆಂದರೆ ಬರಿಗಾಲಲ್ಲಿ ನಡೆಯುವವರ ಹೊಟ್ಟೆಯಲ್ಲಿರುವ ಒಂದು ಜಾತಿಯ ಹುಳು ಸ್ಟೀರಾಯ್ಡ್ ಸಿಕ್ಕಿದರೆ ಮೈಯೆಲ್ಲ ಹಬ್ಬಬಹುದು. ತುಂಬ ದಿನ ನುಂಗಿದವರು ತಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು.

ನನ್ನ ಅನುಭವದಲ್ಲಿ ಈ ರೋಗಿಗಳಿಗೆ ರಿಯಾಕ್ಷನ್‌ಗಿಂತ ಹೆಚ್ಚು ಕಾಟ ಕೊಟ್ಟದ್ದು ಲೆಕ್ಕವಿಲ್ಲದೆ ನುಂಗಿದ ಸ್ಟೀರಾಯ್ಡ್. ಒಬ್ಬರು ನೆನಪಾಗುತ್ತಾರೆ. ನೋವು ಬಂದಾಗೆಲ್ಲ ಅಂಗಡಿಯಿಂದ ನಾಲ್ಕು ಮಾತ್ರೆ ತರುತ್ತಾ ಎರಡು ವರ್ಷ ಕಳೆದಿದ್ದರು. ಮುಖ ದುಂಡಗೆ ಚಂದ್ರನ ಹಾಗಾಗಿತ್ತು. ಮನೆಯವರು 'ಈಗ ಮೈ ತುಂಬಿಕೊಂಡಿದ್ದಾರೆ' ಅಂತ ಖುಷಿಪಟ್ಟಿದ್ದರಂತೆ. ಸಕ್ಕರೆ ಏರಿತ್ತು, ಕಣ್ಣಿಗೆ ಪೊರೆ ಬಂದಿತ್ತು, ಬೆನ್ನುಮೂಳೆ ಸವೆದು ಕುಸಿದಿತ್ತು. ಅವರ ವಯಸ್ಸು ನಲವತ್ತೂ ಆಗಿರಲಿಲ್ಲ.

ಎರಡನೆಯ ದಾರಿ ಕ್ಲೋಫಾಜಿಮಿನ್. ಪ್ಯಾಕೆಟ್‌ನಲ್ಲಿ ದಿನಕ್ಕೆ 50 ಮಿಲಿಗ್ರಾಂ ಇರುವ ಇದನ್ನು ರಿಯಾಕ್ಷನ್‌ಗೆ 300ರವರೆಗೆ ಏರಿಸಿ, ಕೆಲವು ತಿಂಗಳಾದ ಮೇಲೆ ಇಳಿಸುತ್ತೇವೆ. ಇದು ನಿಧಾನ. ನಾಲ್ಕಾರು ವಾರ ಬೇಕು. ಹಾಗಾಗಿ ಸ್ಟೀರಾಯ್ಡ್ ಜೊತೆ ಶುರು ಮಾಡಿ, ಅದನ್ನು ಇಳಿಸುವಾಗ ಇದು ಊರುಗೋಲಾಗುವಂತೆ ನೋಡಿಕೊಳ್ಳುತ್ತೇವೆ. ಪದೇಪದೇ ಗಂಟು ಏಳುವವರಿಗೆ ಇದು ನನ್ನ ಮೊದಲ ಆಯ್ಕೆ. ತೊಂದರೆ ಅಂದರೆ ಬಣ್ಣ. ಮೈ ಕಂದುಗಪ್ಪಾಗುತ್ತದೆ, ಕಾಲಿನ ಚರ್ಮ ಮೀನಿನ ಹೊಪ್ಪಳೆಯಂತೆ ಒಣಗುತ್ತದೆ. ಹೊಟ್ಟೆನೋವು ಬಂದರೆ ಕೂಡಲೇ ಹೇಳಬೇಕು. ಬಣ್ಣ ಮಾತ್ರೆ ನಿಲ್ಲಿಸಿದ ಮೇಲೆ ತಿಂಗಳು, ವರ್ಷಗಳಲ್ಲಿ ತಿಳಿಯಾಗುತ್ತದೆ. ಇದನ್ನು ಮೊದಲೇ ಹೇಳಿದರೆ ಜನ ತಡೆದುಕೊಳ್ಳುತ್ತಾರೆ. ಹೇಳದಿದ್ದರೆ ಕನ್ನಡಿ ನೋಡಿದ ದಿನವೇ ಮಾತ್ರೆ ಬಿಡುತ್ತಾರೆ.

ಥಾಲಿಡೊಮೈಡ್ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. 1957ರಲ್ಲಿ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಬಂದ ಔಷಧ ಇದು. ಬಸುರಿಯರು ನುಂಗಿ, ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ, ಇನ್ನೂ ಬೇರೆ ಊನಗಳೊಂದಿಗೆ ಹುಟ್ಟಿದರು. 1961ರಲ್ಲಿ ವಾಪಸ್ ಪಡೆದರು. 1964ರಲ್ಲಿ ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್, ನೋವಿನಿಂದ ನಿದ್ದೆಯೇ ಬರದ ಕುಷ್ಠರೋಗಿಗೆ ನಿದ್ದೆಗಾಗಿ ಇದನ್ನು ಕೊಟ್ಟರು. ಗಂಟುಗಳೇ ಕರಗಿಹೋದವು. ಇವತ್ತಿಗೂ ತೀವ್ರ ಇಎನ್‌ಎಲ್‌ಗೆ ಎರಡು ಮೂರು ದಿನದಲ್ಲಿ ನೆಮ್ಮದಿ ಕೊಡುವ ಔಷಧಿ ಇದು. ಸ್ಟೀರಾಯ್ಡ್‌ನಿಂದ ಬಿಡಿಸಿಕೊಳ್ಳಲು ಆಗದವರಿಗೆ ನಾನು ಬಳಸಿದ್ದೇನೆ.

ಆದರೆ ನಿಮ್ಮ ಮನೆಯ ಸ್ಥಿತಿ ಬೇರೆ. ಔಷಧಿ ಗಂಡಸರ ವೀರ್ಯದಲ್ಲೂ ಸೇರುತ್ತದೆ. ನುಂಗುವಷ್ಟು ದಿನ, ನಿಲ್ಲಿಸಿ ನಾಲ್ಕು ವಾರದವರೆಗೆ ಕಾಂಡೋಮ್ ತಪ್ಪಿಸುವಂತಿಲ್ಲ, ರಕ್ತದಾನ ಮಾಡುವಂತಿಲ್ಲ. ಇನ್ನೊಂದು ಮಗುವಿನ ಯೋಚನೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಮಾತ್ರೆಯನ್ನು ಬೀಗ ಹಾಕಿ ಇಡಬೇಕು. 'ನನಗೂ ಮೈಕೈ ನೋವು, ಒಂದು ಕೊಡು' ಅಂತ ಕೇಳುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಬಸುರಿಯಾದವಳು ಒಂದೇ ಒಂದು ಮಾತ್ರೆ ನುಂಗಿದರೂ ಮಗುವಿಗೆ ಊನ ಆಗಬಹುದು. ಬ್ರೆಜಿಲ್‌ನಲ್ಲಿ ಕುಷ್ಠಕ್ಕೆ ಅಂತ ಕೊಟ್ಟ ಮಾತ್ರೆಯಿಂದಲೇ ಮತ್ತೆ ಇಂಥ ಮಕ್ಕಳು ಹುಟ್ಟಿದ್ದಾರೆ. ಇದರ ಜೊತೆಗೆ ಕಾಲು ಜೋಮು ಹಿಡಿಯುವುದು, ಮಂಪರು, ಮಲಬದ್ಧತೆ, ಸ್ಟೀರಾಯ್ಡ್ ಜೊತೆ ಕೊಟ್ಟಾಗ ಕಾಲಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ನನ್ನನ್ನು ಕೇಳಿದರೆ, ಮೊದಲು ಸರಿಯಾದ ಸ್ಟೀರಾಯ್ಡ್, ಜೊತೆಗೆ ಕ್ಲೋಫಾಜಿಮಿನ್. ಅದು ಸೋತರೆ ಮಾತ್ರ ಥಾಲಿಡೊಮೈಡ್, ಅದೂ ನೀವಿಬ್ಬರೂ ಒಟ್ಟಿಗೆ ಕೂತು ವೈದ್ಯರ ಮಾತು ಕೇಳಿ ಒಪ್ಪಿದ ಮೇಲೆ.

ಹುಣ್ಣಿಗೆ ಕಾಫಿಪುಡಿ, ಅರಿಶಿನ ಸುಣ್ಣ, ಬೇವಿನ ಅರೆತ ಯಾವುದೂ ಬೇಡ. ಕುದಿಸಿ ಆರಿಸಿದ ನೀರಲ್ಲಿ ತೊಳೆದು, ವ್ಯಾಸಲೀನ್ ಸವರಿದ ಶುಭ್ರ ಬಟ್ಟೆ ಮುಚ್ಚಿ. ಕಪ್ಪು ಸಿಪ್ಪೆಯನ್ನು ಕಿತ್ತು ತೆಗೆಯಬೇಡಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮಿಲ್ಲಿನಲ್ಲಿ ಭತ್ತ ಬೇಯಿಸುವ ಕಡೆ ಕೆಲಸವಾದರೆ ಈಗ ಖಂಡಿತ ಹೋಗುವುದು ಬೇಡ. ಈ ರೋಗದಲ್ಲಿ ಸ್ಪರ್ಶ ಕಳೆದುಕೊಂಡ ಕೈಗೆ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಹಲ್ಲಿನ ಹುಳುಕು, ಬೇರೆ ಯಾವುದೇ ಸೋಂಕು ಇದ್ದರೆ ಅದನ್ನೂ ಸರಿ ಮಾಡಿಸಿ. ಅವೂ ರಿಯಾಕ್ಷನ್ ಅನ್ನು ಕೆಣಕುತ್ತವೆ.

ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲು ಆಗದಿರುವುದು, ದೃಷ್ಟಿ ಮಂಜಾಗುವುದು, ಮೊಣಕೈ ಹತ್ತಿರ ನರ ಸಿಡಿಯುವುದು, ಬೆರಳು ಅಥವಾ ಪಾದ ಜೋತುಬೀಳುವುದು, ವೃಷಣ ಊದಿ ನೋಯುವುದು, ಮೂತ್ರ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಮುಂದಿನ ತಾರೀಖಿಗೆ ಕಾಯಬೇಡಿ. ಈ ರಿಯಾಕ್ಷನ್ ಬರೀ ಚರ್ಮದ್ದಲ್ಲ. ವೃಷಣದ ಊತವನ್ನು ಗಂಡಸರು ನಾಚಿಕೆಗೆ ಮುಚ್ಚಿಡುತ್ತಾರೆ. ಮಗು ಬೇಕು ಅನ್ನುವವರು ಇದನ್ನು ಮುಚ್ಚಿಡಲೇಬಾರದು. ನೀವೇ ಕೇಳಿ.

ನಿಮ್ಮ ಅಮ್ಮನಿಗೆ ಹೀಗೆ ಹೇಳಿ. ಮೊದಲ ಡೋಸ್ ರಿಫಾಂಪಿಸಿನ್ ಹೊಟ್ಟೆಗೆ ಹೋದ ಕೆಲವೇ ದಿನಗಳಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಹೆಚ್ಚೂಕಡಿಮೆ ಪೂರ್ತಿ ಸಾಯುತ್ತದೆ. ಐದು ತಿಂಗಳು ಮಾತ್ರೆ ನುಂಗಿದವರಿಂದ ಮಗುವಿಗೆ ಹರಡುವ ಭಯ ಇಟ್ಟುಕೊಳ್ಳಬೇಕಿಲ್ಲ. ಗಂಟು, ಹುಣ್ಣು ಮುಟ್ಟಿದರೆ ಅಂಟುವುದಿಲ್ಲ. ಒಟ್ಟಿಗೆ ಊಟ ಮಾಡಿ, ಮಗಳು ಅಪ್ಪನ ಪಕ್ಕದಲ್ಲೇ ಮಲಗಲಿ. ಮಾತ್ರೆ ಶುರುವಾಗುವ ಮೊದಲು ನಿಮಗೋ ಮಗಳಿಗೋ ತಗುಲಿರುವ ಸಾಧ್ಯತೆ ಇರುವುದರಿಂದ ಇಬ್ಬರೂ ಒಮ್ಮೆ ಮೈ ತಪಾಸಣೆ ಮಾಡಿಸಿಕೊಳ್ಳಿ. ಮನೆಯವರಿಗೆ ಮುಂಜಾಗ್ರತೆಗೆ ಒಂದೇ ಡೋಸ್ ರಿಫಾಂಪಿಸಿನ್ ಕೊಡುವ ವ್ಯವಸ್ಥೆ ಸರ್ಕಾರಿ ಕಾರ್ಯಕ್ರಮದಲ್ಲಿ ಇದೆ. ಎರಡು ವರ್ಷ ದಾಟಿದ ಮಕ್ಕಳಿಗೂ ಕೊಡುತ್ತಾರೆ. ನೀವು ಬಸುರಿಯಾಗಿದ್ದರೆ ಮೊದಲೇ ಹೇಳಿ, ಆಗ ಕೊಡುವುದಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಇಟ್ಟಿದ್ದ ಕಾನೂನಿನ ಸಾಲನ್ನು 2019ರಲ್ಲಿ ಸಂಸತ್ತೇ ತೆಗೆದುಹಾಕಿದೆ. ಈ ಮಾತನ್ನೂ ಅಮ್ಮನ ಕಿವಿಗೆ ಹಾಕಿ.

ನಾಳೆ ಹೊರಡುವಾಗ ಚೀಲದಲ್ಲಿ ಇಷ್ಟು ಇರಲಿ: ಖಾಲಿಯಾದ ಪ್ಯಾಕೆಟ್‌ಗಳು, ಚಿಕಿತ್ಸೆಯ ಕಾರ್ಡ್, ಆ ಬಿಳಿ ಮಾತ್ರೆಯ ಸ್ಟ್ರಿಪ್ಪು ಅಥವಾ ಒಂದು ಮಾತ್ರೆಯಾದರೂ, ಅದನ್ನು ಯಾವಾಗ ಶುರು ಮಾಡಿ ಯಾವಾಗ ಬಿಟ್ಟರು ಅಂತ ಒಂದು ಚೀಟಿ. ಸ್ಟೀರಾಯ್ಡ್ ನುಂಗಿದ್ದನ್ನು ವೈದ್ಯರು ಬಯ್ಯುತ್ತಾರೆ ಅಂತ ಮುಚ್ಚಿಡಬೇಡಿ, ಇದು ಗೊತ್ತಾಗದೆ ಪ್ರಮಾಣ ಹೊಂದಿಸಲು ಆಗುವುದಿಲ್ಲ. ಒಂದೆರಡು ಜೊತೆ ಬಟ್ಟೆಯೂ ಇಟ್ಟುಕೊಳ್ಳಿ. ಕಪ್ಪು ಹುಣ್ಣು, ಜ್ವರ ಎರಡೂ ಇರುವವರನ್ನು ನಾನಾದರೆ ಅದೇ ದಿನ ಅಡ್ಮಿಟ್ ಮಾಡಿಕೊಳ್ಳುತ್ತೇನೆ.